ಮಠಕ್ಕೆ ಕೊಟ್ಟ ಅಕ್ಕಿ ಯಾವ ಬಾಬ್ತು?

ದಾವಣಗೆರೆಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನನ್ನು, ಕೆಲಸ ಬಿಟ್ಟ ಮೇಲೆ ಊರಿನ ನಾಲ್ಕು ಸಣ್ಣ ಟ್ರಸ್ಟ್‌ಗಳು ಹಿಡಿದುಕೊಂಡವು. ಸಂಬಳವಿಲ್ಲ, ಕಾಫಿಗೆ ಕೊರತೆಯಿಲ್ಲ. ಎಲ್ಲರ ಜಮಾ-ಖರ್ಚೂ ಪೈಸೆಗೆ ಸರಿಯಾಗಿತ್ತು. ಆದರೆ ಹಿರಿಯರೊಬ್ಬರು, ‘ನಾವು ನಾಲ್ವರೂ ಸೇರಿ ಈ ವರ್ಷ ಓದುವ ಮಕ್ಕಳಿಗೆ ಎಷ್ಟು ಕೊಟ್ಟಿದ್ದೇವೆ, ಹೇಳಪ್ಪ’ ಎಂದಾಗ ನನ್ನ ಬಾಯಿ ಕಟ್ಟಿತು. ಒಬ್ಬರು ‘ವಿದ್ಯಾದಾನ’ ಎಂದು ಬರೆದಿದ್ದರು, ಇನ್ನೊಬ್ಬರು ‘ಫೀಸು’, ಮೂರನೆಯವರು ‘ಬಡವರಿಗೆ’. ನಾಲ್ಕನೆಯವರದು ಎಲ್ಲವೂ ‘ಧರ್ಮಕ್ಕೆ’.

ಮೊದಲು ಸರ್ಕಾರದ ನಮೂನೆಗಳನ್ನು ನೋಡಿದೆ. ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವ 80ಜಿ ಮಾನ್ಯತೆಯಿರುವ ಟ್ರಸ್ಟ್‌ಗಳಿಗೆ 2021-22ನೇ ಸಾಲಿನಿಂದ ಬಂದ, ತೆರಿಗೆ ಇಲಾಖೆಗೆ ಸಲ್ಲಿಸುವ 10ಬಿಡಿ ಪಟ್ಟಿಯಲ್ಲಿ ಕೊಟ್ಟವರು ಯಾರು, ನಗದೋ ವಸ್ತುವೋ, ಮೂಲನಿಧಿಗೋ ನಿರ್ದಿಷ್ಟ ಕೆಲಸಕ್ಕೋ ಎಂಬುದಿದೆ. ಅನ್ನಕ್ಕೋ ಔಷಧಕ್ಕೋ ಎಂಬುದಿಲ್ಲ. ಕಂಪನಿಗಳು ಸಮಾಜಕ್ಕೆಂದು ಯಾವ ಕೆಲಸಗಳಿಗೆ ಖರ್ಚು ಮಾಡಬಹುದೆಂದು ಹೇಳುವ, 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಉದ್ದೇಶಗಳೇನೋ ಇವೆ, ಆದರೆ ಹಸಿವು, ಬಡತನ, ಆರೋಗ್ಯ, ನೈರ್ಮಲ್ಯ, ಕುಡಿಯುವ ನೀರು ಎಲ್ಲವನ್ನೂ ಮೊದಲನೆಯ ಬಾಬ್ತಿಗೇ ತುರುಕಿದ್ದಾರೆ. ಅಷ್ಟಕ್ಕೆ ನನ್ನ ಹಳೆಯ ಲೆಡ್ಜರೇ ಸಾಕಿತ್ತು.

ಮಗಳು, ಲಾಭಕ್ಕಲ್ಲದೆ ನಡೆಯುವ ಸಂಸ್ಥೆಗಳಿಗಾಗಿ ಅಮೆರಿಕದಲ್ಲಿ ಮಾಡಿದ ಎನ್‌ಟಿಇಇ ಎಂಬ ಪಟ್ಟಿಯನ್ನು ತೋರಿಸಿದಳು. ಇಂಗ್ಲಿಷಿನ ಒಂದೊಂದು ಅಕ್ಷರಕ್ಕೆ ಒಂದರಂತೆ 26 ಗುಂಪುಗಳು: ಬಿ ಎಂದರೆ ಶಿಕ್ಷಣ, ಇ ಆರೋಗ್ಯ, ಕೆ ಆಹಾರ ಮತ್ತು ಕೃಷಿ, ಎಕ್ಸ್ ಧರ್ಮ. ಅಚ್ಚುಕಟ್ಟಾಗಿದೆಯಲ್ಲ ಎಂದು ಎರಡು ವಾರ ಕೂತು ಖರ್ಚಿನ ಚೀಟಿಗಳಿಗೆಲ್ಲ ಅಕ್ಷರ ಹಾಕಿದೆ. ಮೊತ್ತ ತೆಗೆದರೆ ದೊಡ್ಡ ಪಾಲು ಎಕ್ಸ್‌ನಲ್ಲಿ ಕೂತಿತ್ತು! ತಪ್ಪು ಪಟ್ಟಿಯದಲ್ಲ, ನನ್ನದು. ಅದು ಸಂಸ್ಥೆಗಳನ್ನು ವಿಂಗಡಿಸಲು ಮಾಡಿದ್ದು. ನಾನು ಹಣ ಯಾರ ಬಾಗಿಲಿಗೆ ಹೋಯಿತೆಂದು ನೋಡಿದ್ದೆನೇ ಹೊರತು ಏತಕ್ಕೆ ಹೋಯಿತೆಂದು ನೋಡಿರಲಿಲ್ಲ. ನಮ್ಮ ಸೀಮೆಯಲ್ಲಿ ಮಠವೆಂದರೆ ಪೂಜೆಯಷ್ಟೇ ಅಲ್ಲ. ಸಿರಿಗೆರೆಯನ್ನೇ ನೋಡಿ, ಶಾಲೆ, ಹಾಸ್ಟೆಲ್, ದಾಸೋಹ ಎಲ್ಲ ಮಠದ ಹೆಸರಿನಲ್ಲೇ ನಡೆಯುತ್ತವೆ.

ದಾರಿ ಸಿಕ್ಕಿದ್ದು ಅದೇ ಪಟ್ಟಿಯಿಂದ ಬೆಳೆದ, ಈಗ ದಾನದ ಮಾಹಿತಿ ಕಲೆಹಾಕುವ ಅಮೆರಿಕದ ಕ್ಯಾಂಡಿಡ್ ಸಂಸ್ಥೆ ನೋಡಿಕೊಳ್ಳುವ ವಿಂಗಡಣೆಯಲ್ಲಿ. ಯಾವ ವಿಷಯಕ್ಕೆ, ಯಾರಿಗಾಗಿ, ಎಂಥ ಸಂಸ್ಥೆಗೆ, ಯಾವ ಬಗೆಯ ನೆರವು, ಹಣವೋ ವಸ್ತುವೋ ಎಂದು ಅದು ಬಿಡಿಬಿಡಿಯಾಗಿ ಕೇಳುತ್ತದೆ. ‘ಮಠದ ಹಾಸ್ಟೆಲ್ ಹುಡುಗಿಯರಿಗೆ 5 ಕ್ವಿಂಟಲ್ ಸೋನಾ ಮಸೂರಿ’ ಎಂಬ ಒಂದು ಚೀಟಿಯನ್ನು ಮೊದಲು ಎಕ್ಸ್ ಎಂದು ಬರೆದು ಬಿಸಾಕಿದ್ದೆ. ಈಗ ವಿಷಯ ಆಹಾರ, ಯಾರಿಗೆ ಎಂದರೆ ವಿದ್ಯಾರ್ಥಿನಿಯರಿಗೆ, ಸಂಸ್ಥೆ ಮಠ, ರೂಪ ವಸ್ತು. ಹಿರಿಯರ ಪ್ರಶ್ನೆಗೆ ಉತ್ತರವಿದ್ದದ್ದು ಈ ಎರಡನೆಯ ಕಾಲಮಿನಲ್ಲಿ. ಬರಿಯ ‘ಶಿಕ್ಷಣ’ವನ್ನು ಹುಡುಕಿದ್ದರೆ ಈ ಅಕ್ಕಿ ಸಿಗುತ್ತಲೇ ಇರಲಿಲ್ಲ.

ಇದರಲ್ಲಿ ಹೊಸತೇನೂ ಇಲ್ಲವೆಂದು ಆಮೇಲೆ ಅನ್ನಿಸಿತು. ನಮ್ಮ ಹಳೆಯ ದಾನಶಾಸನಗಳಲ್ಲಿ ಕೊಟ್ಟವರು, ಪಡೆದವರು, ಭೂಮಿಯ ಎಲ್ಲೆ ಎಲ್ಲ ಬೇರೆ ಬೇರೆ. ಅಂಗಭೋಗ (ದೇವರ ಪೂಜೆ-ಅಲಂಕಾರ), ರಂಗಭೋಗ (ದೇವರ ಮುಂದಿನ ಹಾಡು-ಕುಣಿತ), ಖಂಡಸ್ಫುಟಿತ ಜೀರ್ಣೋದ್ಧಾರ (ಒಡೆದು ಬಿರಿದದ್ದರ ದುರಸ್ತಿ) ಎಂದು ಉದ್ದೇಶಕ್ಕೂ ಊರೂರಿನವರು ಬಳಸುತ್ತಿದ್ದ ಸಿದ್ಧ ಪದಗಳು. ಕಲ್ಲಿಗೆ ಇದ್ದ ಶಿಸ್ತು ನಮ್ಮ ರಸೀದಿ ಪುಸ್ತಕಕ್ಕಿಲ್ಲ.

ನಾಲ್ಕೂ ಲೆಕ್ಕಗಳನ್ನು ಒಂದೇ ಹಾಳೆಗೆ ತಂದಾಗ ಎರಡು ಸಂಗತಿ ಹೊರಬಿದ್ದವು. ಒಂದು ಟ್ರಸ್ಟ್ ಇನ್ನೊಂದಕ್ಕೆ ಕೊಟ್ಟಿದ್ದ ಹಣ ಎರಡೂ ಕಡೆ ದಾನವೆಂದು ಬಿದ್ದು ಎರಡು ಸಲ ಎಣಿಕೆಯಾಗಿತ್ತು. ಅದಕ್ಕೆ ‘ವರ್ಗಾವಣೆ’ ಎಂದು ಬೇರೆ ಕಾಲಮು ಮಾಡಿದೆ. ಇನ್ನೊಂದು, ಒಬ್ಬನೇ ಹುಡುಗನ ಫೀಸನ್ನು ಇಬ್ಬರು ಕಟ್ಟಿದ್ದರು. ಅವನು ಸುಳ್ಳು ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಅಂದಿನಿಂದ ಅರ್ಜಿಯಲ್ಲಿ ಒಂದು ಸಾಲು ಹೆಚ್ಚಾಯಿತು. ಮಕ್ಕಳ ಹೆಸರಿನ ಪಟ್ಟಿ ನನ್ನ ಬಳಿ ಮಾತ್ರ ಇದೆ. ಉಳಿದವರಿಗೆ ಕಾಣುವ ಹಾಳೆಯಲ್ಲಿ ಬರಿಯ ಸಂಖ್ಯೆಗಳು.

ಇನ್ನೂ ಕೂರದೆ ಉಳಿದಿರುವುದು ಸಾಮೂಹಿಕ ವಿವಾಹಕ್ಕೆ ಕೊಡಿಸಿದ ತಾಳಿಗಳು. ಬಡವರ ನೆರವು ಎಂದೆ. ‘ಮದುವೆ ಬಡತನದ ಬಾಬ್ತೇನಪ್ಪ?’ ಎಂದು ಖಜಾಂಚಿಯವರು ಕೇಳಿದರು. ಧರ್ಮ ಎಂದು ಬರೆದರೆ ಹಿರಿಯರು ಒಪ್ಪಲಿಲ್ಲ. ಸದ್ಯಕ್ಕೆ ‘ಇತರೆ’ಯಲ್ಲಿಟ್ಟಿದ್ದೇನೆ, ಮುಂದಿನ ಸಭೆಗೆ ಇಬ್ಬರೂ ಬರುತ್ತಾರೆ.