ಮನಿಲಾದಲ್ಲಿ ಕೂತು ಸುದ್ದಿಗೆ ಅಭಿಪ್ರಾಯ ಬರೆಯೋದು: ನನ್ನ ಅನುಭವ

ನಾನು ಎಲೆಕ್ಟ್ರಿಕಲ್ ಎಂಜಿನಿಯರ್. ಕೆಲಸ ಮನಿಲಾದ ಒರ್ಟಿಗಾಸ್ ಕಡೆ. ಬಿಡುವು ಸಿಕ್ಕ ಶನಿವಾರ ಆ ವಾರದ ಫಿಲಿಪೀನ್ಸ್ ಸುದ್ದಿಗಳ ಬಗ್ಗೆ ಕನ್ನಡದಲ್ಲಿ ಒಂದೆರಡು ಪುಟ ಬರೆದು ಊರಿನ ಗೆಳೆಯರಿಗೆ ಕಳಿಸುತ್ತೇನೆ. ಹಾಡು, ರಾಜಕೀಯ, ಕರೆಂಟು, ಆಟ. ಈ ನಾಲ್ಕು ಬಿಟ್ಟು ಬೇರೆ ಬರೆಯುವುದಿಲ್ಲ. "ಅಲ್ಲಯ್ಯ, ನೀನು ಹೊರಗಿನವನು. ಅವರ ದೇಶದ ಬಗ್ಗೆ ಅಷ್ಟು ಗಟ್ಟಿಯಾಗಿ ಹೇಗೆ ಮಾತಾಡ್ತೀಯ?" ಅಂತ ಹಳೆಯ ಗೆಳೆಯನೊಬ್ಬ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ನಾನು ಮಾಡಿದ ರೀತಿಯನ್ನು ಇಲ್ಲಿ ಹೇಳುತ್ತೇನೆ.

ಶುರು ಮಾಡಿದ್ದು ನನಗೆ ಗೊತ್ತಿರುವ ಕಡೆಯಿಂದ, ಅಂದರೆ ಕರೆಂಟ್ ಬಿಲ್ಲಿನಿಂದ. ಮನಿಲಾ ಮತ್ತು ಸುತ್ತಲಿನ ಪ್ರಾಂತ್ಯಗಳಿಗೆ ವಿದ್ಯುತ್ ಹಂಚುವುದು ಮೆರಾಲ್ಕೊ ಕಂಪನಿ. ಅದರ ಬಿಲ್ಲಿನಲ್ಲಿ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಬಿಡಿಸಿ ಬರೆದಿರುತ್ತಾರೆ. ಉತ್ಪಾದನೆಗೆ ಇಷ್ಟು, ಪ್ರಸರಣಕ್ಕೆ ಇಷ್ಟು, ವಿತರಣೆಗೆ ಇಷ್ಟು, ನಷ್ಟಕ್ಕೆ, ತೆರಿಗೆಗೆ ಇಷ್ಟು. ಉತ್ಪಾದನೆಯ ಸಾಲೇ ಅರ್ಧಕ್ಕಿಂತ ಜಾಸ್ತಿ ಇರುತ್ತದೆ. 2025ರಲ್ಲಿ ಒಂದು ಯೂನಿಟ್‌ಗೆ ಸುಮಾರು 12–13 ಪೆಸೊ ಬಿತ್ತು. ನಮ್ಮ ದುಡ್ಡಿನಲ್ಲಿ 18–19 ರೂಪಾಯಿ ಆಸುಪಾಸು. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ಲೇ ಕಟ್ಟದ ನಮ್ಮ ಊರಿನವರಿಗೆ ಇದನ್ನು ಹೇಳಿದರೆ ನಂಬುವುದೇ ಕಷ್ಟ.

ಇಷ್ಟೊಂದು ಯಾಕೆ ಅಂತ ಹುಡುಕಿಕೊಂಡು ಹೋದರೆ ಸೀದಾ 2001ಕ್ಕೆ ತಲುಪುತ್ತೇವೆ. ಆ ವರ್ಷ ಜೂನ್‌ನಲ್ಲಿ ಆಗಿನ ಅಧ್ಯಕ್ಷೆ ಗ್ಲೋರಿಯಾ ಅರೋಯೊ ಸಹಿ ಹಾಕಿದ ವಿದ್ಯುತ್ ಸುಧಾರಣಾ ಕಾಯ್ದೆಯನ್ನು ಇಲ್ಲಿ ಎಲ್ಲರೂ ಎಪಿರಾ ಅನ್ನುತ್ತಾರೆ. ಅಲ್ಲಿಯವರೆಗೆ ಉತ್ಪಾದನೆ, ಪ್ರಸರಣ ಎರಡೂ ಬಹುಪಾಲು ಸರ್ಕಾರಿ ಕಂಪನಿ ನಪೊಕಾರ್ ಕೈಯಲ್ಲಿದ್ದವು. ಕಾಯ್ದೆ ಅದನ್ನು ಬಿಡಿ ಬಿಡಿ ಮಾಡಿತು. ಸ್ಥಾವರಗಳು ಖಾಸಗಿಯವರಿಗೆ ಹೋದವು. 2009ರಲ್ಲಿ ಪ್ರಸರಣ ಜಾಲವನ್ನು ನಡೆಸುವ ಹೊಣೆ ಎನ್‌ಜಿಸಿಪಿ ಎಂಬ ಕಂಪನಿಗೆ ಹೋಯಿತು. ಅದರಲ್ಲಿ 40 ಶೇಕಡಾ ಪಾಲು ಚೀನಾದ ಸ್ಟೇಟ್ ಗ್ರಿಡ್‌ನದು. ಉತ್ಪಾದಕರು ಮತ್ತು ವಿತರಕರು ಕರೆಂಟು ಮಾರಿ ಕೊಳ್ಳಲು ಒಂದು ಸಗಟು ಮಾರುಕಟ್ಟೆಯೂ ಬಂತು.

ಇದರಲ್ಲಿ ನನ್ನ ಅಭಿಪ್ರಾಯ ನಿಂತಿರುವುದು ಒಂದು ಅಂಶದ ಮೇಲೆ. ಇಂಧನದ ಬೆಲೆ ಏರಿದರೆ ಆ ಏರಿಕೆ ಪೂರ್ತಿಯಾಗಿ ಮನೆ ಬಿಲ್ಲಿಗೆ ದಾಟುತ್ತದೆ. ವಿತರಣಾ ಕಂಪನಿಗೆ ಅದರಿಂದ ಲಾಭವಿಲ್ಲ, ನಷ್ಟವೂ ಇಲ್ಲ. ಸ್ಥಾವರದವರಿಗೂ ಹೆಚ್ಚಿನ ಒಪ್ಪಂದಗಳಲ್ಲಿ ಚಿಂತೆಯಿಲ್ಲ. 2024ರಲ್ಲಿ ದೇಶದ ವಿದ್ಯುತ್ತಿನಲ್ಲಿ 60 ಶೇಕಡಾಕ್ಕಿಂತ ಜಾಸ್ತಿ ಕಲ್ಲಿದ್ದಲಿನಿಂದ ಬಂತು. ಆ ಕಲ್ಲಿದ್ದಲು ಬಹುಪಾಲು ಇಂಡೋನೇಷ್ಯಾದ್ದು. 2022ರ ಜನವರಿಯಲ್ಲಿ ಇಂಡೋನೇಷ್ಯಾ ರಫ್ತು ನಿಲ್ಲಿಸಿದಾಗ, ನಿಷೇಧ ತೆಗೆಯಿರಿ ಅಂತ ಇಲ್ಲಿನ ಇಂಧನ ಸಚಿವರು ಪತ್ರ ಬರೆದು ಕೇಳಬೇಕಾಯಿತು. ಬೇರೆ ದೇಶದ ಒಂದು ತೀರ್ಮಾನದ ಭಾರವನ್ನು ಕೇಸೋನ್ ಸಿಟಿಯ ಒಂದು ಕೋಣೆಯ ಮನೆಯವರು ಹೊರುವ ಏರ್ಪಾಡು ಇದು. ಇದು ತಪ್ಪು. ಏರಿಕೆಯ ಒಂದು ಪಾಲನ್ನಾದರೂ ಮಾರುವವರು ಹೊರಬೇಕು. ಹಾಗೆ ಮಾಡಿದರೆ ಆಮದು ಇಂಧನದ ಮೇಲಿನ ಅವರ ಮೋಹ ತಾನಾಗಿಯೇ ಇಳಿಯುತ್ತದೆ.

ಸ್ವಂತ ಶಕ್ತಿ ಈ ದೇಶಕ್ಕೆ ಇಲ್ಲದೆ ಏನಿಲ್ಲ. ಭೂಶಾಖದ ವಿದ್ಯುತ್ತಿನಲ್ಲಿ ಅಮೆರಿಕ, ಇಂಡೋನೇಷ್ಯಾ ಬಿಟ್ಟರೆ ಜಗತ್ತಿನಲ್ಲಿ ಫಿಲಿಪೀನ್ಸೇ ಮುಂದೆ. ಅಲ್ಬಾಯ್ ಪ್ರಾಂತ್ಯದ ತಿವಿಯಲ್ಲಿ 1979ರಿಂದ ನೆಲದ ಬಿಸಿಯಲ್ಲಿ ಕರೆಂಟು ತೆಗೆಯುತ್ತಿದ್ದಾರೆ. ಇಲೋಕೋಸ್ ಕರಾವಳಿಯಲ್ಲಿ ಗಾಳಿಯಿದೆ. ಪಲಾವಾನ್ ಆಚೆಯ ಸಮುದ್ರದ ಮಲಂಪಾಯ ಅನಿಲ 2001ರಿಂದ ಬತಂಗಾಸ್‌ನ ಸ್ಥಾವರಗಳಿಗೆ ಬರುತ್ತಿದೆ, ಆದರೆ ಅದು ಕರಗುತ್ತಾ ಬಂದಿದೆ.

ಅಣು ವಿದ್ಯುತ್ ಬಗ್ಗೆ ಗೆಳೆಯರು ಪದೇ ಪದೇ ಕೇಳುತ್ತಾರೆ. ಬತಾನ್ ಪ್ರಾಂತ್ಯದ ಮೊರೊಂಗ್‌ನಲ್ಲಿ 621 ಮೆಗಾವ್ಯಾಟ್‌ನ ಸ್ಥಾವರವೊಂದು ಕಟ್ಟಿ ಮುಗಿದು ನಿಂತಿದೆ. ಸರ್ವಾಧಿಕಾರಿ ಅಧ್ಯಕ್ಷ ಮಾರ್ಕೋಸ್ ಕಾಲದಲ್ಲಿ ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿ ಕಟ್ಟಿದ್ದು. ಖರ್ಚು 200 ಕೋಟಿ ಡಾಲರ್ ದಾಟಿತು. 1986ರಲ್ಲಿ ಮಾರ್ಕೋಸ್ ಓಡಿಹೋದರು, ಎರಡು ತಿಂಗಳಲ್ಲಿ ಚೆರ್ನೋಬಿಲ್ ಆಯಿತು, ಹೊಸ ಸರ್ಕಾರ ಸ್ಥಾವರಕ್ಕೆ ಬೀಗ ಹಾಕಿತು. ಒಂದೇ ಒಂದು ಯೂನಿಟ್ ಕರೆಂಟು ಕೊಡದ ಆ ಸ್ಥಾವರದ ಸಾಲ ತೀರಿದ್ದು 2007ರಲ್ಲಿ. ಅದನ್ನು ರಿಪೇರಿ ಮಾಡಿ ಓಡಿಸೋಣ ಎಂಬ ಮಾತು ಈಗಲೂ ಆಗಾಗ ಏಳುತ್ತದೆ. ನಾನು ಅಣು ವಿದ್ಯುತ್ತಿನ ವಿರೋಧಿ ಅಲ್ಲ. ಆದರೆ 1970ರ ದಶಕದ ವಿನ್ಯಾಸವನ್ನು, ಅಷ್ಟು ವರ್ಷ ಸಮುದ್ರದ ಗಾಳಿಯಲ್ಲಿ ಸುಮ್ನೆ ನಿಂತ ಪೈಪು ಕೇಬಲ್ಲುಗಳನ್ನು ನಂಬಿ ಹೊರಡಬಾರದು. ಹೊಸದು ಕಟ್ಟುವುದಾದರೆ ಕಟ್ಟಲಿ. ಅದಕ್ಕೂ ಮೊದಲು ಗಟ್ಟಿಯಾದ, ಯಾರ ಮಾತಿಗೂ ಬಗ್ಗದ ಸುರಕ್ಷತಾ ಸಂಸ್ಥೆ ಬೇಕು.

ಗ್ರಿಡ್ ಬಗ್ಗೆ ಒಂದು ಮಾತು. 2024ರ ಜನವರಿ 2ರಂದು ಪನಾಯ್ ದ್ವೀಪದಲ್ಲಿ ಸ್ಥಾವರಗಳು ಒಂದರ ಹಿಂದೆ ಒಂದು ಟ್ರಿಪ್ ಆಗಿ ನಿಂತವು. ಅಲ್ಲಿನ ಇಲೋಇಲೋ ನಗರ ಕರೆಂಟಿಲ್ಲದೆ ಕೆಲವು ದಿನ ಒದ್ದಾಡಿತು. ಅಕ್ಕಪಕ್ಕದ ದ್ವೀಪಗಳಿಂದ ಸಾಕಷ್ಟು ಕರೆಂಟು ತರುವ ಹೊಸ ಲೈನು ಆಗ ಇನ್ನೂ ಮುಗಿದಿರಲಿಲ್ಲ. ಅದರ ಉದ್ಘಾಟನೆ ಆದದ್ದು ಅದೇ ವರ್ಷ ಏಪ್ರಿಲ್‌ನಲ್ಲಿ. ದ್ವೀಪಗಳ ದೇಶದಲ್ಲಿ ಲೈನು ತಡವಾಗುವುದು ಸ್ಥಾವರ ತಡವಾಗುವುದಕ್ಕಿಂತ ಅಪಾಯ ಅಂತ ನಾನು ಆಗ ಬರೆದೆ. ಈಗಲೂ ಅದೇ ಹೇಳುತ್ತೇನೆ.

ಬಿಲ್ಲನ್ನು ಹೀಗೆ ಓದುತ್ತಾ ಹೋದಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ನನ್ನ ಬರವಣಿಗೆಗೆ ದಾರಿ ತೋರಿಸಿದ್ದೇ ಅದು. ಪಿಬಿಎ ಬ್ಯಾಸ್ಕೆಟ್‌ಬಾಲ್ ಲೀಗ್ 1975ರಲ್ಲಿ ಶುರುವಾಯಿತು, ಬ್ಯಾಸ್ಕೆಟ್‌ಬಾಲ್‌ನಲ್ಲಿ ಏಷ್ಯಾದ ಮೊದಲ ವೃತ್ತಿಪರ ಲೀಗ್. ಅದರ ತಂಡಗಳಿಗೆ ಊರಿನ ಹೆಸರಿಲ್ಲ, ಕಂಪನಿಯ ಹೆಸರಿದೆ. ಮೆರಾಲ್ಕೊ ಬೋಲ್ಟ್ಸ್ ಅಂತ ಒಂದು ತಂಡ, ಹೌದು, ಅದೇ ಕರೆಂಟ್ ಕಂಪನಿ. ಸ್ಯಾನ್ ಮಿಗೆಲ್ ಬಿಯರ್‌ಮೆನ್ ಇನ್ನೊಂದು. ಈ ಸ್ಯಾನ್ ಮಿಗೆಲ್ ಕಂಪನಿ ಬಿಯರ್ ಜೊತೆಗೆ ವಿದ್ಯುತ್ ಸ್ಥಾವರಗಳನ್ನೂ ಹೆದ್ದಾರಿಗಳನ್ನೂ ನಡೆಸುತ್ತದೆ. ಲೀಗ್‌ನ ಅರ್ಧದಷ್ಟು ತಂಡಗಳು ಈ ಎರಡು ಗುಂಪುಗಳ ಕೈಯಲ್ಲೇ ಇವೆ. 2024ರ ಮಾರ್ಚ್‌ನಲ್ಲಿ ಮೆರಾಲ್ಕೊ, ಸ್ಯಾನ್ ಮಿಗೆಲ್, ಅಬೊಯ್ಟಿಜ್ ಎಂಬ ಇನ್ನೊಂದು ಉದ್ಯಮ ಗುಂಪು, ಮೂರೂ ಸೇರಿ ಬತಂಗಾಸ್‌ನಲ್ಲಿ 330 ಕೋಟಿ ಡಾಲರ್‌ನ ಅನಿಲ ಯೋಜನೆಗೆ ಕೈ ಹಾಕಿದವು. ಜೂನ್‌ನಲ್ಲಿ ಮೆರಾಲ್ಕೊ ತಂಡ ಸ್ಯಾನ್ ಮಿಗೆಲ್ ತಂಡವನ್ನು ಸೋಲಿಸಿ ಮೊದಲ ಸಲ ಚಾಂಪಿಯನ್ ಆಯಿತು. ಅಂಗಳದಲ್ಲಿ ಎದುರಾಳಿಗಳು, ಸ್ಥಾವರದಲ್ಲಿ ಪಾಲುದಾರರು.

ಆಮೇಲೆ ನಾನು ಪತ್ರಿಕೆಯ ಪುಟಗಳನ್ನು ಬೇರೆ ಬೇರೆಯಾಗಿ ಓದುವುದನ್ನು ಬಿಟ್ಟೆ. ಯಾವ ಸುದ್ದಿಯಾದರೂ ಮೊದಲು ಕೇಳುವುದು ಎರಡು ಪ್ರಶ್ನೆ. ಇದು ಯಾರದ್ದು? ಇದಕ್ಕೆ ಅನುಮತಿ ಕೊಟ್ಟವರು ಯಾರು?

ಲೋಪೆಜ್ ಕುಟುಂಬದ ಕಥೆ ನೋಡಿ. ಒಂದು ಕಾಲದಲ್ಲಿ ಮೆರಾಲ್ಕೊ ಅವರದು, ಎಬಿಎಸ್-ಸಿಬಿಎನ್ ಟಿವಿಯೂ ಅವರದು. 1972ರ ಸೆಪ್ಟೆಂಬರ್‌ನಲ್ಲಿ ಮಾರ್ಕೋಸ್ ಹೇರಿದ ಮಾರ್ಷಲ್ ಲಾ, ಅಂದರೆ ಸೇನಾ ಕಾನೂನು, ಬಂತು. ಟಿವಿ ಮುಚ್ಚಿತು, ಮೆರಾಲ್ಕೊ ಕೈತಪ್ಪಿತು. 1986ರ ನಂತರ ಎರಡೂ ವಾಪಸ್ ಬಂದವು. ಮೆರಾಲ್ಕೊ ಮುಂದೆ ಬೇರೆ ಗುಂಪಿಗೆ ಹೋಯಿತು. 2020ರ ಜುಲೈ 10ರಂದು ಸಂಸತ್ತಿನ ಸಮಿತಿ 70–11 ಮತಗಳಿಂದ ಟಿವಿಯ ಪರವಾನಗಿಯನ್ನು ತಿರಸ್ಕರಿಸಿತು. ಸಾವಿರಾರು ಜನರ ಕೆಲಸ ಹೋಯಿತು. ಅದೇ ಸಂಸ್ಥೆ ತರಬೇತಿ ಕೊಟ್ಟ ಎಂಟು ಹುಡುಗಿಯರ ಹಾಡು-ಕುಣಿತದ ತಂಡ ಬಿನಿ 2021ರ ಜೂನ್‌ನಲ್ಲಿ ಹೊರಬಂತು. 2024ರ ಬೇಸಿಗೆಯಲ್ಲಿ ಜೀಪ್ನಿಯಲ್ಲಿ (ಇಲ್ಲಿನ ಜೀಪಿನಂಥ ಬಸ್ಸು), ಮಾಲಿನಲ್ಲಿ, ಶಾಲೆಯ ಅಂಗಳದಲ್ಲಿ ಎಲ್ಲಿ ನೋಡಿದರೂ ಅವರ ಹಾಡು, ಅವರ ಕುಣಿತ. ಬಿನಿ ಬಗ್ಗೆ ಬರೆಯುವಾಗ ನಾನು 2020ರ ಆ ಮತವನ್ನು ಬಿಡುವುದಿಲ್ಲ. ಒಂದು ಸಂಸ್ಥೆಯಿಂದ ಪ್ರಸಾರದ ಹಕ್ಕು ಕಿತ್ತುಕೊಂಡದ್ದು ಅನ್ಯಾಯ ಅಂತ ನನ್ನ ಅಭಿಪ್ರಾಯ. ಆ ಹುಡುಗಿಯರು ಅದರ ನಡುವೆಯೇ ಬೆಳೆದರು ಅನ್ನುವುದಕ್ಕೆ ಮೆಚ್ಚುಗೆಯೂ ಇದೆ.

ಇಲ್ಲಿ ಹಾಡಿಗೂ ರಾಜಕೀಯಕ್ಕೂ ನಡುವೆ ಗೋಡೆಯೇ ಇಲ್ಲ. ಮಾರ್ಕೋಸ್ ವಿರೋಧಿ ನಾಯಕ ಬೆನಿಗ್ನೊ ಅಕಿನೊ ಹತ್ಯೆಯಾದಾಗ, 1983ರಲ್ಲಿ, ಗಾಯಕ ಫ್ರೆಡ್ಡಿ ಅಗಿಲಾರ್ ಅಂತ್ಯಕ್ರಿಯೆಯಲ್ಲಿ 'ಬಯಾನ್ ಕೊ' (ನನ್ನ ನಾಡು) ಹಾಡಿದರು. ಮಾರ್ಷಲ್ ಲಾ ಕಾಲದಲ್ಲಿ ನಿಷೇಧವಾಗಿದ್ದ ಹಾಡು ಅದು. ಅದೇ ಫ್ರೆಡ್ಡಿ 2016ರ ಅಧ್ಯಕ್ಷ ಚುನಾವಣೆಯಲ್ಲಿ ಡುಟರ್ಟೆ ಪರ ನಿಂತರು. 2025ರ ಮೇ ತಿಂಗಳಲ್ಲಿ ತೀರಿಕೊಂಡಾಗ ಕೆಲವರಿಗೆ 1983 ನೆನಪಾಯಿತು, ಕೆಲವರಿಗೆ 2016. ಒಬ್ಬ ಕಲಾವಿದನನ್ನು ಒಂದೇ ವರ್ಷಕ್ಕೆ ಕಟ್ಟಿಹಾಕಬಾರದು ಅಂತ ನಾನು ಬರೆದೆ. ಹಾಡಿದ ಧೈರ್ಯಕ್ಕೆ ಕೊಡಬೇಕಾದ ಗೌರವ ಬೇರೆ, ಆಮೇಲಿನ ಆಯ್ಕೆಯನ್ನು ಪ್ರಶ್ನಿಸುವುದು ಬೇರೆ, ಅಲ್ವಾ?

ಇರೇಸರ್‌ಹೆಡ್ಸ್ ಎಂಬ ರಾಕ್ ತಂಡದ ಪ್ರಸಂಗ ಇನ್ನೂ ಹತ್ತಿರದ್ದು. ಮತ್ತೆ ಯಾವಾಗ ಒಟ್ಟಿಗೆ ಹಾಡುತ್ತೀರಿ ಅಂತ 2021ರಲ್ಲಿ ಅಭಿಮಾನಿಯೊಬ್ಬರು ಕೇಳಿದರೆ, ಗಾಯಕ ಈಲಿ ಬುಯೆಂಡಿಯಾ "ಲೆನಿ ಚುನಾವಣೆಗೆ ನಿಂತರೆ" ಅಂದರು. ಆಗ ಉಪಾಧ್ಯಕ್ಷೆಯಾಗಿದ್ದ ಲೆನಿ ರೊಬ್ರೆಡೊ 2022ರ ಅಧ್ಯಕ್ಷ ಚುನಾವಣೆಗೆ ನಿಂತರು, ಸೋತರು. 2022ರ ಡಿಸೆಂಬರ್ 22ರಂದು ತಂಡ ಒಟ್ಟಿಗೆ ಹಾಡಿತು.

ರೇಡಿಯೋದಲ್ಲಿ ಗಂಟೆಗೆ ಕನಿಷ್ಠ ನಾಲ್ಕು ಫಿಲಿಪಿನೊ ಹಾಡು ಹಾಕಬೇಕು ಅಂತ ಬೆನಿಗ್ನೊ ಅವರ ಹೆಂಡತಿ, ಆಗಿನ ಅಧ್ಯಕ್ಷೆ ಕೋರಿ ಅಕಿನೊ 1987ರಲ್ಲಿ ಆದೇಶ ಹೊರಡಿಸಿದ್ದರು. ಒಳ್ಳೆಯ ಆದೇಶ. ಈಗ ಜನ ಹಾಡು ಕೇಳುವುದು ಫೋನಿನಲ್ಲಿ. ಅಲ್ಲಿಗೂ ಇಂಥದ್ದೊಂದು ದಾರಿ ಹುಡುಕಬೇಕು.

ರಾಜಕೀಯ ಬರೆಯುವಾಗ ನನ್ನ ಕ್ರಮ ಸ್ವಲ್ಪ ಬಿಗಿ. ಮೊದಲನೆಯದು, ನಾನು ಮೆರವಣಿಗೆಗಳಿಗೆ ಹೋಗುವುದಿಲ್ಲ. ವಿದೇಶಿಯರು ರಾಜಕೀಯ ಸಭೆಗಳಲ್ಲಿ ಸೇರಬಾರದು ಅಂತ ಇಲ್ಲಿನ ವಲಸೆ ಇಲಾಖೆ ಮತ್ತೆ ಮತ್ತೆ ಎಚ್ಚರಿಸಿದೆ. ವೀಸಾ ಮೇಲೆ ಬದುಕುವವರು ಇದನ್ನು ಮರೆಯಬಾರದು. ಎರಡನೆಯದು, ಗುಂಪಿನ ಗಾತ್ರ ನೋಡಿ ಮತ ಅಳೆಯುವುದಿಲ್ಲ. 2022ರಲ್ಲಿ ಲೆನಿ ಅವರ ಗುಲಾಬಿ ಬಣ್ಣದ ಸಭೆಗಳಲ್ಲಿ ಜನಸಾಗರ. ಪಲ್ಸ್ ಏಷ್ಯಾ ಸಮೀಕ್ಷೆ ಮಾತ್ರ ಹಳೆಯ ಮಾರ್ಕೋಸ್ ಅವರ ಮಗ ಮಾರ್ಕೋಸ್ ಜೂನಿಯರ್‌ಗೆ 56 ಶೇಕಡಾ ಅಂದಿತ್ತು. ಅವರು 3.1 ಕೋಟಿಗೂ ಹೆಚ್ಚು ಮತ, ಸುಮಾರು 59 ಶೇಕಡಾ ಪಡೆದು ಗೆದ್ದರು. ಮೂರನೆಯದು, ನಕ್ಷೆ. ಇಲೋಕೋಸ್ ಮಾರ್ಕೋಸ್ ಕಡೆ, ಬಿಕೋಲ್ ಲೆನಿ ಕಡೆ, ದಾವಾವ್ ಡುಟರ್ಟೆ ಕಡೆ. 2025ರ ಮಾರ್ಚ್ 11ರಂದು ಮಾಜಿ ಅಧ್ಯಕ್ಷ ಡುಟರ್ಟೆ ಅವರನ್ನು ಬಂಧಿಸಿ ಹೇಗ್‌ನ ಅಂತರರಾಷ್ಟ್ರೀಯ ಕೋರ್ಟಿಗೆ ಒಯ್ದಾಗ, ಆಫೀಸಿನಲ್ಲಿ ದಾವಾವ್ ಇರುವ ಮಿಂಡನಾವೊ ದ್ವೀಪದ ಕಡೆಯ ಸಹೋದ್ಯೋಗಿಯೊಬ್ಬರು ಕಣ್ಣೀರು ಹಾಕಿದರು. ಪಕ್ಕದ ಮೇಜಿನವರು ಡುಟರ್ಟೆ ಕಾಲದ ಡ್ರಗ್ಸ್ ವಿರುದ್ಧದ ಕಾರ್ಯಾಚರಣೆಯಲ್ಲಿ ಸತ್ತವರ ಮನೆಗಳನ್ನು ಕಣ್ಣಾರೆ ನೋಡಿದವರು. ಇಬ್ಬರ ಮಾತನ್ನೂ ಕೇಳಿಯೇ ಬರೆದೆ. ನನ್ನ ನಿಲುವು ಸ್ಪಷ್ಟ: ಸತ್ತವರ ಮನೆಯವರಿಗೆ ಕೋರ್ಟಿನಲ್ಲಿ ಉತ್ತರ ಸಿಗಲೇಬೇಕು.

ಪ್ರವಾಹ ಕಾಮಗಾರಿಗಳ ಹಗರಣ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕೆರಳಿಸಿತು. 2022ರ ಜುಲೈನಿಂದ 54,500 ಕೋಟಿ ಪೆಸೊ ಮೊತ್ತದ ಯೋಜನೆಗಳು. ಅದರಲ್ಲಿ 20 ಶೇಕಡಾ ಕೇವಲ 15 ಗುತ್ತಿಗೆದಾರರ ಪಾಲು ಅಂತ ಅಧ್ಯಕ್ಷರೇ 2025ರ ಆಗಸ್ಟ್‌ನಲ್ಲಿ ಹೇಳಿದರು. ಬುಲಕಾನ್‌ನಲ್ಲಿ ಕಾಗದದ ಮೇಲೆ ಮುಗಿದ, ನೆಲದ ಮೇಲೆ ಇಲ್ಲದ ಕಾಮಗಾರಿಗಳು ಸಿಕ್ಕವು. ಎಂಜಿನಿಯರ್ ಆಗಿ ಇದನ್ನು ಕ್ಷಮಿಸಲು ನನಗೆ ಆಗುವುದಿಲ್ಲ. ಮುಗಿದಿದೆ ಅಂತ ಸಹಿ ಹಾಕಿದವನೂ ಎಂಜಿನಿಯರೇ ಅಲ್ವಾ? ಆ ಸೆಪ್ಟೆಂಬರ್ 21ರಂದು, ಮಾರ್ಷಲ್ ಲಾದ ನೆನಪಿನ ದಿನವೇ, ಜನ ಬೀದಿಗಿಳಿದರು.

ಆಟದ ಬಗ್ಗೆ ನನ್ನದು ಒಂದೇ ತಕರಾರು. 2021ರ ಜುಲೈ 26ರಂದು ವೇಟ್‌ಲಿಫ್ಟರ್ ಹಿಡಿಲಿನ್ ಡಿಯಾಜ್ ಒಟ್ಟು 224 ಕೆಜಿ ಎತ್ತಿ ದೇಶದ ಮೊದಲ ಒಲಿಂಪಿಕ್ ಚಿನ್ನ ತಂದರು. ಕೋವಿಡ್ ಕಾಲದಲ್ಲಿ ಮಲೇಷ್ಯಾದಲ್ಲಿ ಸಿಕ್ಕಿಕೊಂಡು ಬಿದಿರಿಗೆ ನೀರಿನ ಬಾಟಲಿ ಕಟ್ಟಿ ಎತ್ತಿ ಅಭ್ಯಾಸ ಮಾಡಿದವರು. 2019ರಲ್ಲಿ ನೆರವು ಬೇಕು ಅಂತ ಬಹಿರಂಗವಾಗಿ ಕೇಳಿದ್ದರು. ಜಿಮ್ನಾಸ್ಟ್ ಕಾರ್ಲೋಸ್ ಯೂಲೊ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸತತ ಎರಡು ದಿನ ಎರಡು ಚಿನ್ನ ಗೆದ್ದರು. ಅವರು ಹದಿಹರೆಯದಲ್ಲಿ ಪಳಗಿದ್ದು ಜಪಾನ್‌ನಲ್ಲಿ, ಜಪಾನಿ ಕೋಚ್ ಕೈಯಲ್ಲಿ. 2025ರಲ್ಲಿ ಮಯಾಮಿ ಟೆನಿಸ್ ಟೂರ್ನಿಯಲ್ಲಿ ಸ್ವಿಯಾಟೆಕ್ ಅವರನ್ನು ಸೋಲಿಸಿ ಸೆಮಿಫೈನಲ್ ಮುಟ್ಟಿದ ಅಲೆಕ್ಸ್ ಈಯಾಲಾ ಪಳಗಿದ್ದು ಸ್ಪೇನ್‌ನ ನಡಾಲ್ ಅಕಾಡೆಮಿಯಲ್ಲಿ. ಮೂವರನ್ನೂ ತಿದ್ದಿದ್ದು ಹೊರದೇಶ. ಒಲಿಂಪಿಕ್ ಚಿನ್ನ ಗೆದ್ದ ಮೇಲೆ 1 ಕೋಟಿ ಪೆಸೊ ಕೊಡಲು ಕಾನೂನಿದೆ. ಗೆಲ್ಲುವ ಮೊದಲು ಕೊಡಲು ಅಂಥ ಗಟ್ಟಿ ಕಾನೂನು ಬೇಕು.

ಬ್ಯಾಸ್ಕೆಟ್‌ಬಾಲ್‌ಗೆ ದುಡ್ಡಿಗೆ ಬರವಿಲ್ಲ, ಪ್ರೀತಿಗೂ ಬರವಿಲ್ಲ. 2023ರ ವಿಶ್ವಕಪ್‌ನ ಮೊದಲ ದಿನ 38,115 ಜನ ಸೇರಿ ದಾಖಲೆಯಾಯಿತು. ಅದೇ ಅಕ್ಟೋಬರ್‌ನಲ್ಲಿ ದೇಶದ ತಂಡ ಗಿಲಾಸ್ 61 ವರ್ಷದ ನಂತರ ಏಷ್ಯನ್ ಗೇಮ್ಸ್ ಚಿನ್ನ ತಂದಿತು. ನಮ್ಮ ಬಾರಂಗಾಯ್‌ನಲ್ಲಿ, ಅಂದರೆ ವಾರ್ಡಿನಲ್ಲಿ, ಹುಡುಗರು ಮಧ್ಯರಾತ್ರಿವರೆಗೆ ಆಡಿದರು, ನಾನೂ ನಿಂತು ನೋಡಿದೆ.

ಈಗ ದಾವಾವ್‌ನಲ್ಲಿ ಮೆಡಿಕಲ್ ಓದುವ ಕನ್ನಡದ ಹುಡುಗ ಹುಡುಗಿಯರೂ ಹೀಗೆ ಬರೆಯಬೇಕು ಅಂತ ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟು. ಮನಿಲಾ ಪತ್ರಿಕೆಗಳ ಜೊತೆ ಮಿಂಡನಾವೊದ ಸುದ್ದಿತಾಣ ಮಿಂಡಾನ್ಯೂಸ್ ಓದಿ. ಎಫ್‌ಎಂ ಕೇಳಿ, ಅಲ್ಲಿನ ಭಾಷೆ ಬಿಸಾಯಾ ಕಿವಿಗೆ ಬೀಳಲಿ. ನಿಮ್ಮ ಬಿಲ್ಲು ದಾವಾವ್ ಲೈಟ್‌ನದು, ಅದು ಅಬೊಯ್ಟಿಜ್ ಗುಂಪಿನ ಕಂಪನಿ. ಮಿಂಡನಾವೊಗೆ ಆಗುಸ್-ಪುಲಾಂಗಿ ಜಲವಿದ್ಯುತ್ ಇದೆ, ಹಾಗಾಗಿ ಉತ್ಪಾದನೆಯ ಸಾಲಿನಲ್ಲಿ ನಮಗಿಂತ ಬೇರೆ ಲೆಕ್ಕ ಕಾಣಬಹುದು. ಅದನ್ನು ಮನೆ ಮಾಲೀಕರ ಜೊತೆ ಕೂತು ಓದಿ, ಅವರು ಏನು ಹೇಳುತ್ತಾರೆ ಅಂತ ನನಗೂ ಬರೆಯಿರಿ.