ಕವಿತೆ ಕಳ್ಸೋ ಮುಂಚೆ ಪತ್ರಿಕೆನ ಓದ್ರಿ

ದಾವಣಗೆರೆ ಮಂಡಕ್ಕಿ ಭಟ್ಟಿ ಕಡೆ ಹುಡುಗಿ ಒಬ್ಳು ಹೋದ ವರ್ಷ ಕವಿತೆ ತಂದು ತೋರಿಸಿದ್ಲು, "ಅವ್ವ ಉರಿ ಹಚ್ತಾಳ" ಅಂತ ಶುರು ಆಗ್ತಿತ್ತು, ಓದಿ ಮೈ ಜುಮ್ ಅಂತು. ಒಂದು ಪತ್ರಿಕೆಗೆ ಕಳಿಸಿದ್ಲು. ಅಚ್ಚಾಗಿ ಬಂದಾಗ ಅದು "ತಾಯಿ ಬೆಂಕಿ ಹೊತ್ತಿಸುತ್ತಾಳೆ" ಆಗಿತ್ತು, ಒಂದ್ಮಾತು ಕೇಳಿರ್ಲಿಲ್ಲ. ಆ ಸಂಚಿಕೆನ ಅವಳು ಮನೇಲಿ ಅವ್ವಂಗೂ ತೋರಿಸ್ಲಿಲ್ಲ. ಅದಕ್ಕೇ ಇದನ್ನ ಬರೀತಿದೀನಿ.

ಮೊದಲ್ನೇ ಕೆಲಸ, ಇಮೇಲ್ ಹುಡುಕೋದು ಬಿಟ್ಟು ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋಗ್ರಿ, ಮಯೂರ, ತುಷಾರ, ಸುಧಾ, ಸಿಕ್ಕರೆ ಅಕ್ಷರ ಸಂಗಾತ, ಹೊಸತು ಅನ್ನೋ ಪತ್ರಿಕೆಗಳು, ಒಂದೊಂದರದ್ದೂ ಹಳೇ ನಾಲ್ಕೈದು ಸಂಚಿಕೆ ಇಟ್ಕೊಂಡು ಬರೀ ಕವಿತೆ ಪುಟ ಓದ್ರಿ. ಮೊಬೈಲಲ್ಲಿ ಕೆಂಡಸಂಪಿಗೆ, ಅವಧಿ, ಋತುಮಾನ ಅನ್ನೋ ಸಾಹಿತ್ಯದ ಜಾಲತಾಣ ನೋಡ್ರಿ. ಓದುವಾಗ ಪೆನ್ನು ಕೈಯಲ್ಲಿರ್ಲಿ. ಹೆಸರೇ ಕೇಳದ ಕವಿಗಳು ಎಷ್ಟು ಜನ, ಹೆಣ್ಮಕ್ಕಳು ಎಷ್ಟು, ಕೇರಿಯಿಂದ, ಹಟ್ಟಿಯಿಂದ, ತಾಂಡಾದಿಂದ ಬರೆದವ್ರು ಇದಾರಾ, ಇದ್ರೆ ವರ್ಷವಿಡೀ ಇದಾರಾ ಇಲ್ಲ ಅಂಬೇಡ್ಕರ್ ಜಯಂತಿ ತಿಂಗಳು ಮಾತ್ರನಾ? "ಐತಿ", "ಬರ್ತಾಳ" ಅನ್ನೋದು ಕವಿತೆ ಒಳಗೇ ಅಚ್ಚಾಗೈತಾ, ಇಲ್ಲ ಕಥೇಲಿ ಯಾವುದೋ ಪಾತ್ರದ ಬಾಯಲ್ಲಿ ಮಾತ್ರನಾ? ನನ್ನ ಪ್ರಕಾರ ಈ ಕೊನೇ ಪ್ರಶ್ನೆನೇ ಎಲ್ಲಕ್ಕಿಂತ ದೊಡ್ಡದು. "ಹೊಸಬರಿಗೆ ಸ್ವಾಗತ" ಅಂತ ಯಾರು ಬೇಕಾದ್ರೂ ಹಾಕ್ಕೋಬಹುದು, ಪುಟ ತೆಗೆದ್ರೆ ನಿಜ ಗೊತ್ತಾಗ್ತದೆ.

ಸಣ್ಣ ಪತ್ರಿಕೆ ಅಂತ ಬಿಡಬ್ಯಾಡ್ರಿ. 1964ರಲ್ಲಿ ಧಾರವಾಡದಲ್ಲಿ ಚಂಪಾ (ಚಂದ್ರಶೇಖರ ಪಾಟೀಲ), ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಅನ್ನೋ ಮೂರೇ ಜನ ಸಾಹಿತಿಗಳು ಸೇರಿ ಸಂಕ್ರಮಣ ಅನ್ನೋ ಸಣ್ಣ ಪತ್ರಿಕೆ ಶುರು ಮಾಡಿದ್ದು. ಆಮೇಲೆ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡ್ರಿ ಅಂದ್ರೆ ಕೊಡ್ಲಿಲ್ಲ, ಆ ಸಿಟ್ಟಿಗೇ 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ದೊಡ್ಡ ವೇದಿಕೆ ಬಾಗಿಲು ಹಾಕಿದಾಗೆಲ್ಲ ಈ ಸಣ್ಣ ಪತ್ರಿಕೆಗಳೇ ಜಾಗ ಕೊಟ್ಟಿದ್ದು. ನಮ್ಮ ಕಡೆ ನೋಡ್ರಿ, ಚಳ್ಳಕೆರೆ ತಾಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಜನಪದ ಹಾಡುಗಾರ್ತಿ ಸಿರಿಯಜ್ಜಿ ಅಕ್ಷರ ಕಲೀದೇನೇ ಸಾವಿರಾರು ಹಾಡು ಇಟ್ಕೊಂಡಿದ್ದವ್ರು. ಆ ಮಾತಿನ ಮೊಮ್ಮಕ್ಕಳು ನಾವು, ಅದನ್ನ ಯಾಕೆ ತೊಳ್ದು ಕಳಿಸ್ಬೇಕು?

ಪತ್ರಿಕೆ ಗೊತ್ತಾಯ್ತಾ, ಈಗ ಕಳ್ಸೋದು. ಯೂನಿಕೋಡಲ್ಲಿ (ಯಾವ ಮೊಬೈಲು, ಕಂಪ್ಯೂಟರಲ್ಲೂ ಸರಿಯಾಗಿ ಕಾಣೋ ಅಕ್ಷರ ಪದ್ಧತಿ) ಟೈಪ್ ಮಾಡ್ರಿ, ಹಳೇ ನುಡಿ ಫಾಂಟಲ್ಲಿ ಮಾಡಿದ್ರೆ ಆ ಕಡೆ ಕಂಪ್ಯೂಟರಲ್ಲಿ ಆ ಫಾಂಟ್ ಇರದಿದ್ರೆ ಬರೀ ಗಜಿಬಿಜಿ ಅಕ್ಷರ ಕಾಣ್ತವೆ. ಒಂದು ಸಲಕ್ಕೆ ಎರಡು ಮೂರು ಕವಿತೆ ಸಾಕು, ಅದೇ ಕವಿತೆನ ಒಟ್ಟೊಟ್ಟಿಗೆ ನಾಲ್ಕು ಕಡೆ ಕಳಿಸಬ್ಯಾಡ್ರಿ, ಫೇಸ್‌ಬುಕ್ಕಲ್ಲಿ ಹಾಕಿದ್ದನ್ನೂ ಎಷ್ಟೋ ಸಂಪಾದಕರು ಪ್ರಕಟ ಆದದ್ದು ಅಂತಾನೇ ಲೆಕ್ಕ ಹಿಡೀತಾರೆ. ಕವಿತೆ ಜೊತೆ ಕಳ್ಸೋ ಪತ್ರದಲ್ಲಿ ಒಂದು ಸಾಲು ತಪ್ಪದೇ ಬರೀರಿ: "ಇದು ನಮ್ಮೂರ ಆಡುಮಾತು, ಬೇಕಂತಲೇ ಹಾಗೆ ಬರೆದಿದ್ದೀನಿ, ಬದಲಾಯಿಸೋದಿದ್ದರೆ ದಯವಿಟ್ಟು ಕೇಳಿ." ಇದು ಅಹಂಕಾರ ಅಲ್ಲ, ಒಳ್ಳೆ ಸಂಪಾದಕರು ಇದನ್ನ ಗೌರವಿಸ್ತಾರೆ.

ಮನೇಲಿ ಗೊತ್ತಾದ್ರೆ ಕಷ್ಟ ಅನ್ನೋರು, ಟ್ರಾನ್ಸ್ ಗೆಳೆಯ ಗೆಳತಿಯರು, ಕಾವ್ಯನಾಮ ಇಟ್ಕೋಬಹುದು, ನಿಜ ಹೆಸರು ಅಚ್ಚಾಗಬಾರ್ದು ಅಂತ ಮೊದ್ಲೇ ಬರೆದು ತಿಳಿಸ್ರಿ, ಗೌರವಧನದ ಬ್ಯಾಂಕ್ ಖಾತೆ ಯಾರ ಹೆಸರಲ್ಲಿ ಅನ್ನೋದನ್ನೂ ಆಗ್ಲೇ ಮಾತಾಡಿಕೊಳ್ರಿ. ಕವಿತೆ ಹಕ್ಕು ನಿಮ್ದೇ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನೀವು ಸಹಿ ಹಾಕಿ ಬರೆದುಕೊಡದ ಹೊರತು ಅದು ಬೇರೆಯವರದ್ದಾಗಲ್ಲ, ಆದ್ದರಿಂದ ಫಾರಂ ಕೊಟ್ರೆ ಪೂರ್ತಿ ಓದಿ ಆಮೇಲೆ ಸಹಿ ಮಾಡ್ರಿ. "ಇಷ್ಟು ದುಡ್ಡು ಕಟ್ರಿ, ಸಂಕಲನದಲ್ಲಿ ಹಾಕಿ ಪ್ರಶಸ್ತಿ ಪತ್ರ ಕೊಡ್ತೀವಿ" ಅನ್ನೋರಿಗೆ ಒಂದು ರೂಪಾಯಿನೂ ಕೊಡಬ್ಯಾಡ್ರಿ, ಭಟ್ಟೀಲಿ ದುಡಿದ ದುಡ್ಡು ಅದು.

ಒಂದು ನೋಟ್‌ಬುಕ್ಕಲ್ಲಿ ಯಾವ ಕವಿತೆ, ಯಾವ ಪತ್ರಿಕೆ, ಯಾವ ತಾರೀಕು ಅಂತ ಬರೆದಿಡ್ರಿ. ಮೂರು ತಿಂಗಳು ಕಾಯ್ರಿ, ಒಂದು ಸಲ ನೆನಪಿಸ್ರಿ, ಉತ್ತರ ಬರದಿದ್ರೆ ವಾಪಸ್ ತಗೊಂಡಿದೀನಿ ಅಂತ ತಿಳಿಸಿ ಬೇರೆ ಕಡೆ ಕಳಿಸ್ರಿ. ಆ ಹುಡುಗಿ ಈಗ ಹೊಸದೊಂದು ಕವಿತೆ ಕಳಿಸ್ಯಾಳೆ, ಆ ಒಂದು ಸಾಲು ಪತ್ರದಲ್ಲಿ ಮೇಲೇ ಬರೆದು. ಅವಳ ನೋಟ್‌ಬುಕ್ಕಲ್ಲಿ ಎರಡನೇ ತಿಂಗಳು ನಡೀತೈತಿ.