ಸೋರುವ ನೀರು: ಒಡೆಯುವ ಮುನ್ನ ಅಳೆಯಿರಿ

ನಮ್ಮ ಅಡುಗೆಮನೆಯ ಸೂರಿನಲ್ಲಿ, ಫ್ಯಾನಿನ ಕೊಕ್ಕೆಯ ಸುತ್ತ ತೇವದ ಕಲೆಯೊಂದು ಕಾಣಿಸಿಕೊಂಡಿತು. ದೋಸೆಯಷ್ಟಿದ್ದದ್ದು ಎರಡು ವಾರದಲ್ಲಿ ಮೊರದಷ್ಟಾಯಿತು. ಕರೆಸಿದ ಪ್ಲಂಬರ್ ಮಹಡಿ ಹತ್ತಿ, ಕಲೆಗೆ ನೇರ ಮೇಲಿದ್ದ ಬಚ್ಚಲಿನ ಎಂಟು ಟೈಲ್ಸ್ ಎಬ್ಬಿಸಿದರು. ‘ಒಡೆಯದೆ ಹೇಗೆ ಗೊತ್ತಾಗುತ್ತದೆ ಸಾರ್?’ ಎಂದು ಕೇಳಿದರು ಬೇರೆ. ಟೈಲ್ಸ್ ಕೆಳಗೆ ಎಲ್ಲವೂ ಒಣಗಿತ್ತು. ಸೋರುತ್ತಿದ್ದದ್ದು ಆರಡಿ ಆಚೆ, ಗೋಡೆಯೊಳಗಿನ ಬಿಸಿನೀರಿನ ಪೈಪಿನ ಎಲ್ಬೋ, ಅಂದರೆ ಪೈಪು ತಿರುಗುವಲ್ಲಿನ ಜೋಡಣೆ. ಅಲ್ಲಿಂದ ಜಿನುಗಿದ ನೀರು ಸ್ಲ್ಯಾಬಿನೊಳಗಿನ ವೈರಿಂಗ್ ಪೈಪನ್ನು ಹಿಡಿದು ಹರಿದು, ಫ್ಯಾನಿನ ಹತ್ತಿರ ದಾರಿ ಕಂಡುಕೊಂಡಿತ್ತು.

ಎಂಟು ಟೈಲ್ಸ್ ಕಳೆದುಕೊಂಡ ಮೇಲೆ ಕಲಿತದ್ದು ಇದು. ಮನೆಯ ನೀರಿನ ಹಾದಿಯಲ್ಲಿ ಮೂರು ತುಂಡುಗಳಿವೆ: ರಸ್ತೆಯಿಂದ ಸಂಪಿಗೆ, ಸಂಪಿನಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ನಲ್ಲಿಗಳಿಗೆ. ಸೋರಿಕೆ ಯಾವ ತುಂಡಿನಲ್ಲಿದೆ ಎಂದು ತಿಳಿಯುವವರೆಗೆ ಯಾರಿಗೂ ಉಳಿ, ಸುತ್ತಿಗೆ ಮುಟ್ಟಗೊಡಬೇಡಿ. ‘ರಾತ್ರಿ ನಲ್ಲಿ ಮುಚ್ಚಿ ಮೀಟರ್ ನೋಡಿ’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಸಂಪು ಇರುವ ಬೆಂಗಳೂರಿನ ಮನೆಗೆ ಅದು ಅಷ್ಟಾಗಿ ಒದಗದು. ನಮ್ಮ ಮೀಟರ್ ತಿರುಗುವುದು ಕಾವೇರಿ ನೀರು ಬಿಟ್ಟಾಗ ಮಾತ್ರ. ಸಂಪಿನಿಂದಾಚೆ ಎಷ್ಟು ಸೋರಿದರೂ ಅದರ ಮುಳ್ಳು ಅಲ್ಲಾಡುವುದಿಲ್ಲ.

ಮೊದಲು ಟ್ಯಾಂಕ್

ರಾತ್ರಿ ಹತ್ತಕ್ಕೆ ಎಲ್ಲರ ಕೆಲಸ ಮುಗಿದ ಮೇಲೆ ತಾರಸಿಗೆ ಹೋಗಿ. ಉದ್ದನೆಯ ಕೋಲೊಂದನ್ನು ಟ್ಯಾಂಕಿನ ತಳ ಮುಟ್ಟುವಂತೆ ಇಳಿಸಿ ಎತ್ತಿ, ಒದ್ದೆಯಾದ ಎತ್ತರಕ್ಕೆ ಪೆನ್ಸಿಲ್ ಗೆರೆ ಹಾಕಿ. ಬೆಳಗ್ಗೆ ಐದಕ್ಕೆ, ಯಾರೂ ನಲ್ಲಿ ತಿರುಗಿಸುವ ಮುನ್ನ, ಮತ್ತೆ ಅಳೆಯಿರಿ. ಸಾವಿರ ಲೀಟರಿನ ದುಂಡು ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಎಂದರೆ ಸುಮಾರು 9 ಲೀಟರ್. ಏಳು ಗಂಟೆಯಲ್ಲಿ ನಾಲ್ಕು ಸೆಂಟಿಮೀಟರ್ ಇಳಿದಿದ್ದರೆ ತಿಂಗಳಿಗೆ ಹೆಚ್ಚುಕಡಿಮೆ 4,000 ಲೀಟರ್, ಅಂದರೆ ಸಣ್ಣ ಟ್ಯಾಂಕರ್ ಒಂದರ ನೀರು, ಸದ್ದಿಲ್ಲದೆ ಹೋಗುತ್ತಿದೆ.

ಮರುರಾತ್ರಿ ಟ್ಯಾಂಕಿನ ಕೆಳಗಿರುವ ಗೇಟ್ ವಾಲ್ವುಗಳನ್ನೆಲ್ಲ ಮುಚ್ಚಿ ಇದನ್ನೇ ಮಾಡಿ. ಮಟ್ಟ ನಿಂತರೆ ಸೋರಿಕೆ ಕೆಳಗಿನ ಪೈಪುಗಳಲ್ಲಿದೆ. ಆಮೇಲೆ ರಾತ್ರಿಗೊಂದರಂತೆ ಅಡುಗೆಮನೆಯದು, ಬಚ್ಚಲಿನದು, ಸೋಲಾರ್‌ನದು ಎಂದು ಒಂದೊಂದೇ ವಾಲ್ವ್ ತೆರೆದಿಟ್ಟು ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಹಳೆಯ ಗೇಟ್ ವಾಲ್ವುಗಳು ತಿರುಗುತ್ತವೆಯೇ ಹೊರತು ಪೂರ್ತಿ ಮುಚ್ಚುವುದಿಲ್ಲ. ಮುಚ್ಚಿದ ಮೇಲೆ ಕೆಳಗಿನ ನಲ್ಲಿ ಬಿಟ್ಟು ನೋಡಿ. ಪೈಪಿನಲ್ಲಿದ್ದ ನೀರು ಖಾಲಿಯಾದ ಮೇಲೂ ದಾರದಂತೆ ಬರುತ್ತಿದ್ದರೆ ಮೊದಲು ಆ ವಾಲ್ವನ್ನೇ ಬದಲಿಸಿ. ಪ್ರೆಷರ್ ಪಂಪ್ ಇರುವವರಿಗೆ ಇಷ್ಟೆಲ್ಲ ಬೇಡ. ನಡುರಾತ್ರಿ ಯಾರೂ ನಲ್ಲಿ ತೆರೆಯದಿದ್ದರೂ ಪಂಪ್ ಆಗಾಗ ಗುರ್ ಎಂದರೆ ಪೈಪಿನಲ್ಲಿ ಸೋರಿಕೆ ಇದೆ ಎಂದೇ ಲೆಕ್ಕ.

ವಾಲ್ವುಗಳೆಲ್ಲ ಮುಚ್ಚಿದ್ದರೂ ಮಟ್ಟ ಇಳಿದರೆ? ಟ್ಯಾಂಕು ಬಿರುಕು ಬಿಟ್ಟಿರಬಹುದು. ಇನ್ನೊಂದು ತಮಾಷೆಯೂ ಉಂಟು. ಸಂಪಿನಿಂದ ಬರುವ ಪೈಪಿನ ತುದಿ ಟ್ಯಾಂಕಿನ ನೀರಿನಲ್ಲಿ ಮುಳುಗಿದ್ದು, ನೀರನ್ನು ಹಿಂದಕ್ಕೆ ಬಿಡದ, ಮೋಟರಿನ ಬಳಿಯ ನಾನ್-ರಿಟರ್ನ್ ವಾಲ್ವ್ ಕೆಟ್ಟಿದ್ದರೆ, ಹತ್ತಿದ ನೀರು ಅದೇ ದಾರಿಯಲ್ಲಿ ಇಳಿದು ಸಂಪು ಸೇರುತ್ತದೆ. ಗೋಡೆಯೆಲ್ಲೂ ಒದ್ದೆಯಿಲ್ಲ, ಟ್ಯಾಂಕು ಮಾತ್ರ ಖಾಲಿ. ಕರೆಂಟ್ ಬಿಲ್ಲಿನಲ್ಲಷ್ಟೇ ಸುಳಿವು.

ಫ್ಲಷ್ ಟ್ಯಾಂಕ್ ಎಂಬ ಗುಮಾನಿ

ಕೆಳಗಿನ ಪೈಪುಗಳ ಮೇಲೆ ಅನುಮಾನ ಬಂದರೆ ಗೋಡೆಯನ್ನು ದಿಟ್ಟಿಸುವ ಮೊದಲು ಕಮೋಡ್ ನೋಡಿ. ಬಟ್ಟೆಗೆ ಹಾಕುವ ನೀಲಿಯನ್ನು ಫ್ಲಷ್ ಟ್ಯಾಂಕಿಗೆ ನಾಲ್ಕು ಹನಿ ಬಿಟ್ಟು ಅರ್ಧ ಗಂಟೆ ಯಾರೂ ಫ್ಲಷ್ ಮಾಡದಂತೆ ನೋಡಿಕೊಳ್ಳಿ. ಕಮೋಡಿನಲ್ಲಿ ನೀಲಿ ಇಣುಕಿದರೆ ಒಳಗಿನ ರಬ್ಬರ್ ವಾಷರ್ ಸೋತಿದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದು ತೀರಾ ಸಾಮಾನ್ಯ. ಗಡಸು ನೀರಿನ ಬಿಳಿ ಪದರ ರಬ್ಬರ್ ಕೂರುವ ಜಾಗದಲ್ಲಿ ಕಟ್ಟಿಕೊಂಡು, ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ವಿನಿಗರ್ ಹಾಕಿ ಉಜ್ಜಿ, ಹೊಸ ವಾಷರ್ ಕೂರಿಸಿದರೆ ಮುಗಿಯಿತು. ತೊಟ್ಟಿಕ್ಕುವ ನಲ್ಲಿಯನ್ನು ಎಲ್ಲರೂ ಬೈಯುತ್ತಾರೆ. ಸೆಕೆಂಡಿಗೊಂದು ಹನಿಯಾದರೆ ಅದು ದಿನಕ್ಕೆ ಪೋಲು ಮಾಡುವುದು ಹೆಚ್ಚೆಂದರೆ ಒಂದೆರಡು ಬಕೆಟ್. ಸದ್ದು ಮಾಡದ ಫ್ಲಷ್ ಟ್ಯಾಂಕ್ ಅದರ ಹತ್ತಾರು ಪಟ್ಟು ಕುಡಿದು ಮುಗಿಸಬಲ್ಲದು.

ಕಲೆಯ ನಡವಳಿಕೆ ಗಮನಿಸಿ

ಟ್ಯಾಂಕಿನ ಲೆಕ್ಕ ಸರಿಯಿದ್ದೂ ಗೋಡೆ ಒದ್ದೆಯಾಗುತ್ತಿದ್ದರೆ ಅದು ಹೆಚ್ಚಾಗಿ ಬಳಸಿ ಬಿಟ್ಟ ನೀರು ಅಥವಾ ಮಳೆಯ ನೀರು. ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಹಾಕಿ ಪಕ್ಕದಲ್ಲಿ ತಾರೀಖು ಬರೆಯಿರಿ. ದಿನವೂ ಒಂದೇ ಸಮ ಹಬ್ಬಿದರೆ ನೀರು ತುಂಬಿ ನಿಂತ ಪೈಪಿನ ಕೆಲಸ. ಸ್ನಾನವಾದ ಕೆಲವು ಗಂಟೆಗಳಲ್ಲಿ ಕಪ್ಪಾಗಿ, ಮನೆಮಂದಿ ಊರಿಗೆ ಹೋದಾಗ ಒಣಗಿದರೆ ಬಚ್ಚಲಿನ ನೆಲ ಇಲ್ಲವೇ ನೀರು ಹೋಗುವ ಪೈಪ್. ಮಳೆ ಬಂದಾಗಷ್ಟೇ ಹಬ್ಬಿದರೆ ತಾರಸಿ. ನೆಲದಿಂದ ಮೇಲಕ್ಕೆ ಮೊಣಕಾಲುದ್ದ ಬಣ್ಣ ಉದುರಿ ಬಿಳಿ ಉಪ್ಪಿನ ಪುಡಿ ಕಾಣುತ್ತಿದ್ದರೆ, ಸಾಮಾನ್ಯವಾಗಿ ಅದು ತಳಪಾಯದಿಂದ ಏರುವ ತೇವ. ಅದರ ಮೇಲೆ ಎಷ್ಟು ಕೋಟ್ ಬಣ್ಣ ಬಳಿದರೂ ದುಡ್ಡು ದಂಡ.

ಬಚ್ಚಲಿನ ನೆಲದ ಮೇಲೆ ಗುಮಾನಿ ಇದ್ದರೆ ನೀರು ಹೋಗುವ ಜಾಲರಿಯ ಬಾಯಿಗೆ ಪ್ಲಾಸ್ಟಿಕ್ ಸುತ್ತಿದ ಬಟ್ಟೆ ಬಿಗಿದು, ಒಂದಂಗುಲ ನೀರು ನಿಲ್ಲಿಸಿ ಒಂದು ದಿನ ಬಿಡಿ. ಕೆಳಗೆ ತೇವ ಬಂದರೆ ಟೈಲ್ಸ್ ನಡುವಿನ ಸಂದು ಬಾಯ್ಬಿಟ್ಟಿದೆ. ಹಳೆಯದನ್ನು ಕೆರೆದು ಎಪಾಕ್ಸಿ ಗ್ರೌಟ್ ತುಂಬಿಸಿದರೆ ಅನೇಕ ಸಲ ಟೈಲ್ಸ್ ಒಡೆಯುವ ಪ್ರಮೇಯವೇ ಬರುವುದಿಲ್ಲ. ನೀರು ನಿಂತಾಗ ಏನೂ ಆಗದೆ, ಬಟ್ಟೆ ಕಿತ್ತು ಹರಿಯಬಿಟ್ಟಾಗ ತೇವ ಬಂದರೆ ಜಾಲರಿಯ ಕೆಳಗಿನ ಜಾಯಿಂಟ್ ಹೋಗಿದೆ. ಫ್ಲ್ಯಾಟ್‌ಗಳಲ್ಲಿ ಮೇಲಿನ ಮನೆಯವರೊಡನೆ ಜಗಳಕ್ಕೆ ಇಳಿಯುವ ಮುನ್ನ ಈ ಪರೀಕ್ಷೆಗೆ ಒಪ್ಪಿಸಿ.

ಒಂದು ಮಾತು ಮಾತ್ರ ಮುಂದೂಡಬಾರದು. ತೇವ ಸ್ವಿಚ್ ಬೋರ್ಡಿನ ಹತ್ತಿರ ಬಂದಿದ್ದರೆ ಎಲ್ಲಕ್ಕಿಂತ ಮೊದಲು ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ಸಂಪು, ಮೀಟರ್

ಸಂಪಿಗೂ ಅದೇ ಕೋಲು, ಅದೇ ಗೆರೆ. ಒಳಬರುವ ವಾಲ್ವ್ ಮುಚ್ಚಿ, ಮೋಟರ್ ಹಾಕದೆ ಒಂದು ಹಗಲು ರಾತ್ರಿ ಬಿಡಬೇಕು. ಎಂಟಡಿಗೆ ಆರಡಿಯ ಸಂಪಿನಲ್ಲಿ ಒಂದು ಸೆಂಟಿಮೀಟರ್ ಎಂದರೆ 44 ಲೀಟರಿಗೂ ಮೇಲೆ. ನೀರು ಇಳಿದಿಳಿದು ಒಂದು ಮಟ್ಟದಲ್ಲಿ ನಿಂತರೆ ಬಿರುಕು ಆ ಎತ್ತರದಲ್ಲಿಯೇ ಇರುತ್ತದೆ. ಮಳೆಗಾಲದಲ್ಲಿ ನೀರು ಬಿಡದಿದ್ದರೂ ಮಟ್ಟ ಏರಿದರೆ ಹೊರಗಿನ ನೀರು, ಚರಂಡಿಯದೂ ಇರಬಹುದು, ಒಳಗೆ ಬರುತ್ತಿದೆ. ಆ ನೀರನ್ನು ಅಡುಗೆಗೆ ಬಳಸುವುದನ್ನು ಅಂದೇ ನಿಲ್ಲಿಸಿ.

ಮೀಟರ್ ಉಪಯೋಗಕ್ಕೆ ಬರುವುದು ಕೊನೆಯ ಪರೀಕ್ಷೆಗೆ. ನೀರು ಬಿಟ್ಟ ಹೊತ್ತಿನಲ್ಲಿ ಸಂಪಿನ ಬಾಯಿಯ ವಾಲ್ವ್ ಮುಚ್ಚಿ. ಆಗಲೂ ಮುಳ್ಳು ತಿರುಗಿದರೆ ನಡುವಿನ ನೆಲದೊಳಗೆ ಪೈಪ್ ಸೋರುತ್ತಿದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಯಲ್ಲಿ ಪಂಪ್ ಮಾಡಿ ಸುಮಾರು ನೂರು ಕಿಲೋಮೀಟರ್ ತಂದ ನೀರು ನಮ್ಮ ಗೇಟಿನ ಒಳಗೆ, ನಾಲ್ಕಡಿ ಮಣ್ಣಿನಲ್ಲಿ ಇಂಗುತ್ತದೆ. ಬಿಲ್ಲು ನಮ್ಮದೇ.

ರಿಪೇರಿ

ಜಾಗ ಸಿಕ್ಕ ಮೇಲೆ ಕೆಲಸ ಸಣ್ಣದು. ಎಂ-ಸೀಲ್ ಅನ್ನು ಪ್ಲಂಬರ್ ಬರುವ ತನಕದ ಪಟ್ಟಿ ಎಂದು ತಿಳಿಯಿರಿ. ಒದ್ದೆ ಪೈಪಿಗೆ ಅದು ಅಂಟುವುದೂ ಇಲ್ಲ. ಬಿಸಿನೀರಿನ ಪೈಪ್ ಬದಲಿಸುವಾಗ ಸಿಪಿವಿಸಿಯನ್ನೇ ಕೇಳಿ, ಬರಿ ಪಿವಿಸಿ ಬಿಸಿಗೆ ಬಾಗುತ್ತದೆ. ಅಂಟು ಹಚ್ಚಿದ ಜಾಯಿಂಟಿಗೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಿ. ‘ಸ್ವಲ್ಪ ನೀರು ಬಿಟ್ಟು ನೋಡೋಣ’ ಎನ್ನುವ ಪ್ಲಂಬರಿಗೆ ಕಾಫಿ ಕೊಟ್ಟು ಕೂರಿಸಿ. ಗೋಡೆ ಮುಚ್ಚುವ ಮುನ್ನ ಪೈಪಿಗೆ ಒತ್ತಡ ತುಂಬುವ ಕೈಪಂಪಿನಿಂದ ಪ್ರೆಷರ್ ಟೆಸ್ಟ್ ಮಾಡಿಸಿ, ಅದರ ಮಾಪಕದ ಮುಳ್ಳು ಇಳಿಯದೆ ನಿಂತಿದೆಯೇ ಎಂದು ನೀವೇ ನೋಡಿ.

ಸಿಮೆಂಟ್ ಬೀಳುವ ಮೊದಲು ಪೈಪಿನ ಪಕ್ಕ ಅಳತೆ ಟೇಪ್ ಹಿಡಿದು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ನಮ್ಮ ಬಚ್ಚಲಿನಲ್ಲಿ ಹೋದ ತಿಂಗಳು ಕನ್ನಡಿ ನೇತುಹಾಕಲು ಬಂದ ಹುಡುಗ ಡ್ರಿಲ್ ಇಟ್ಟ ಜಾಗಕ್ಕೂ ಆ ಎಲ್ಬೋಗೂ ಇದ್ದ ದೂರ ಮೂರೇ ಬೆರಳು. ಫೋಟೊ ತೋರಿಸಿ ಬಲಕ್ಕೆ ಸರಿಸಿದೆ.